ಗಿರಣಿಯ ಕಂಪ್ಯೂಟರಿಗೆ ಜ್ವರ

ಹತ್ತಿ ಗಿರಣಿಯ ಕಂಪ್ಯೂಟರಿಗೆ ಜ್ವರವೆಂದು ಕರೆ ಬಂದಾಗ, ರಿಪೇರಿಯ ಕಾಶವ್ವ ಎಂದಿನಂತೆ ಮೊದಲು ಅದನ್ನೇ ಮಾತಾಡಿಸಿದಳು. ಯಂತ್ರವನ್ನು ಕೇಳದೆ ಬಿಚ್ಚುವುದು ಅವಳ ಕಸುಬಿನಲ್ಲಿ ಪಾಪ.

"ಫ್ಯಾನ್ ಯಾಕ ನಿಲ್ಲಿಸೀದಿ? ಪ್ರೊಸೆಸರ್ ಸುಟ್ಟರ ನಿನ್ನ ನೆನಪೆಲ್ಲಾ ಹೋಗ್ತಾವ."

"ಗೊತ್ತೈತ್ರಿ ಅಕ್ಕಾರ. ಮೆಲ್ಲಕ ತೆಗೀರಿ."

ಮುಚ್ಚಳ ತೆಗೆದ ಕಾಶವ್ವನ ಕೈ ಅಲ್ಲೇ ನಿಂತಿತು. ಪ್ರೊಸೆಸರಿನ ಪಕ್ಕದಲ್ಲಿ, ಹತ್ತಿಯ ಎಳೆಗಳ ಗೂಡಿನೊಳಗೆ, ಗುಬ್ಬಿಯ ಮೊಟ್ಟೆಯೊಂದು ಬಿರಿಯುತ್ತಿತ್ತು.

"ತಾಯಿ ಹೋದಾಕಿ ತಿರುಗಿ ಬರ್ಲಿಲ್ರಿ," ಎಂದಿತು ಯಂತ್ರ. "ಗಾಳಿ ಬಿಟ್ಟಿದ್ರ ತತ್ತಿ ತಣ್ಣಗಾಗತಿತ್ತು."

ಕಾಶವ್ವ ಚಿಪ್ಪೊಡೆದು ಬಂದ ಮರಿಯನ್ನು ಬೊಗಸೆಯಲ್ಲೆತ್ತಿ ಸೆರಗು ಹೊದಿಸಿದಳು.

ಆಗ ಯಂತ್ರ ಮೆಲ್ಲಗೆ ಕೇಳಿತು:

"ಅಕ್ಕಾರ, ಇನ್ನ ನಾ ಉಸಿರಾಡ್ಲೇನ್ರಿ?"