ಬಾವುಟದ ಹಿಂಬದಿ

ಮೆರವಣಿಗೆ ಹೊರಡಲು ಐದೇ ನಿಮಿಷ ಇದೆ ಎನ್ನುವಾಗ ಹಬ್ಬದ ರೇಷ್ಮೆ ಬಾವುಟ ಬಾಗಿಲ ಮೊಳೆಗೆ ಸಿಕ್ಕಿ ಪರ್ರನೆ ಹರಿಯಿತು. ಅದನ್ನು ಕಾಪಾಡಿಕೊಂಡು ಬಂದ ಮನೆತನದ ಅಜ್ಜಿ ಸೂಜಿ ಹಿಡಿದಳು. ಎಷ್ಟು ಸಲ ಯತ್ನಿಸಿದರೂ ದಾರ ಪೋಣಿಸಲಾಗಲಿಲ್ಲ. ನೋಡುತ್ತಿದ್ದ ಪರದೇಶದ ಪ್ರವಾಸಿಗರ ನಡುವಿನಿಂದ, ತನ್ನೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಟೈಲರಕ್ಕ ಎದ್ದೇಬಿಟ್ಟಳು.

"ಮೇಡಂ, ಹೊರಗಿನವರು ಅದನ್ನ ಮುಟ್ಟೋ ಹಾಗಿಲ್ಲ," ಎಂದ ಗೈಡು.

"ದೇಶ ಬಿಟ್ಟು ದೇಶಕ್ಕೆ ಬಂದ್ರೂ ನಿಂಗೆ ಹೊಲಿಗೆನೇ? ಸುಮ್ನೆ ಕೂತ್ಕೊಳ್ಳೇ, ಮಾನ ಹೋಗುತ್ತೆ," ಎಂದು ಗಂಡ ಸೆರಗು ಜಗ್ಗಿದ.

ಅವಳು ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾವುಟ ಮುಟ್ಟದೆ, ಅಜ್ಜಿಯ ಮುಂದೆ ಕೂತು ಬರಿಗೈ ಚಾಚಿದಳು. ಸೂಜಿ ಚುಚ್ಚಿಸಿಕೊಂಡು ಒರಟಾಗಿದ್ದ ಅವಳ ಬೆರಳ ತುದಿಯನ್ನು ಅಜ್ಜಿ ಸವರಿ ನೋಡಿ, ಸೂಜಿಯನ್ನೂ ಬಾವುಟವನ್ನೂ ಅವಳ ಮಡಿಲಿಗೆ ಹಾಕಿದಳು.

ಹೊಲಿದು ಮುಗಿಸಿದಾಗ ಅಜ್ಜಿ ಬಟ್ಟೆಯ ಮುಂಬದಿಯತ್ತ ಕಣ್ಣೇ ಹಾಯಿಸಲಿಲ್ಲ. ಸೀದಾ ಮಗುಚಿ ಹಿಂಬದಿ ನೋಡಿದಳು. ಟೈಲರಕ್ಕ ಮುಂದಕ್ಕೆ ಬಾಗಿದಳು. ಹೊಲಿಗೆ ಕಲಿಯಲು ಬಂದವರ ಕೆಲಸವನ್ನು ಅವಳೂ ಅಂಗಡಿಯಲ್ಲಿ ಹೀಗೇ ಅಳೆಯುವವಳು! ಒಂದು ಗಂಟಿಲ್ಲ, ಜೋತುಬಿದ್ದ ಎಳೆಯಿಲ್ಲ. ಅಜ್ಜಿ ಹೆಬ್ಬೆರಳಿನಿಂದ ಹೊಲಿಗೆಯುದ್ದಕ್ಕೂ ಒತ್ತಿ ನೋಡಿ ಎದ್ದಳು. ಬಾವುಟದ ಎರಡು ಕೋಲುಗಳಲ್ಲಿ ಒಂದನ್ನು ತಾನು ಹಿಡಿದು, ಇನ್ನೊಂದನ್ನು ಅವಳ ಕೈಗಿತ್ತಳು.

"ಅದು ಅವರ ಮನೆಯವ್ರು ಮಾತ್ರ ಹಿಡಿಯೋದು ಮೇಡಂ," ಎಂದ ಗೈಡನ ದನಿ ಈಗ ಮೆತ್ತಗಾಗಿತ್ತು.

ಗಂಡ ಗಡಿಬಿಡಿಯಲ್ಲಿ ಮೊಬೈಲು ತೆಗೆದ.

"ಫೋಟೋ ಆಮೇಲೆ ತೆಗೀರಂತೆ," ಎಂದಳು ಟೈಲರಕ್ಕ, ಬೆನ್ನು ನೆಟ್ಟಗೆ ಮಾಡಿಕೊಂಡು. "ಮೊದ್ಲು ನನ್ನ ಬ್ಯಾಗ್ ಹಿಡ್ಕೊಳ್ಳಿ."