ಬಣ್ಣ ಹೋದ ಗಿಟಾರು

ಮದುವೆ ಆರ್ಕೆಸ್ಟ್ರಾಗಳಲ್ಲಿ ನುಡಿಸಿ ನುಡಿಸಿ, ಮುಂಗೈ ತಾಗುವ ಕಡೆ ವಲೇರಿಯನ್ನನ ಎಲೆಕ್ಟ್ರಿಕ್ ಗಿಟಾರಿನ ಬಣ್ಣ ಪೂರ್ತಿ ಹೋಗಿತ್ತು. ಅದನ್ನು ಯಾರೂ ಕಣ್ಣೆತ್ತಿ ನೋಡಿದವರಲ್ಲ. ಈಗ ನೋಡಿದರೆ, ತಂಡಕ್ಕೆ ಹೊಸದಾಗಿ ಬಂದ ನಿಶ್ಚಲನ ಗಿಟಾರಿಗೆ ಎಲ್ಲರೂ ಮುತ್ತಿಕೊಂಡಿದ್ದರು. ಅದೂ ಅಲ್ಲೇ ಸವೆದಿತ್ತು.

"ಎಷ್ಟು ವರ್ಷದ್ದು ಮಾರಾಯ ಇದು?" ಹೊಟ್ಟೆಯುರಿ ಅದುಮಿಕೊಂಡು ಕೇಳಿದ ವಲೇರಿಯನ್.

"ಮೊನ್ನೆ ತಗೊಂಡದ್ದು ಅಂಕಲ್. ಹೊಸತನ್ನೇ ಉಜ್ಜಿ ಹಳತರ ಹಾಗೆ ಮಾಡಿ ಕೊಡ್ತಾರೆ. ಈಗ ಅದೇ ಫ್ಯಾಶನ್."

ವಲೇರಿಯನ್ನನ ಮುಖ ಅರಳಿತು. ತನ್ನ ಗಿಟಾರನ್ನು ತಂದು ಅದರ ಪಕ್ಕಕ್ಕೇ ಇಟ್ಟ.

ತಂಡದ ಗಾಯಕಿ ಎರಡನ್ನೂ ಸವರಿ ನೋಡಿದಳು.

"ನಿಮ್ಮದು ಎಲ್ಲಿ ಮಾಡಿಸಿದ್ದು ಅಂಕಲ್? ನೋಡುವಾಗಲೇ ಗೊತ್ತಾಗ್ತದೆ, ಬೇಕಂತಲೇ ಉಜ್ಜಿದ್ದು ಅಂತ."