ಮೂಲೆಯ ಬೆರಳು

"ಬೆರಳೆಲ್ಲಿ ಹೋತೋ ತಮ್ಮಾ?" ಎಂದು ಮಂದಾಕಿನಿಬಾಯಿ ಪರದೆಯ ಮೂಲೆಯನ್ನೇ ನೋಡುತ್ತ ಕೇಳಿದರು.

ಕಾಚಿಗೂಡದ ಅಂಗಡಿಯಲ್ಲಿ ಹಳೆಯ ವಿಡಿಯೊ ಟೇಪುಗಳನ್ನು ಡಿಸ್ಕಿಗೆ ಹಾಕಿಕೊಡುವ ವಿಶ್ವಜಿತ್ ಹೊಗಳಿಕೆಗಾಗಿ ಎದೆ ಉಬ್ಬಿಸಿ ಕೂತಿದ್ದ. ಅವನು ಚಿತ್ರ ತಿದ್ದಿಕೊಟ್ಟರೆ ಚಾರ್‌ಮಿನಾರಿನಲ್ಲಿ ಐದನೆಯ ಮಿನಾರೂ ಕಾಣಬೇಕು, ಅಂಥ ಕೈ! ಬಾಯಿಯವರ ಮಗಳ ತೊಟ್ಟಿಲ ಕಾರ್ಯದ ಈ ಟೇಪಿಗೆ ಹಿಡಿದಿದ್ದ ಬೂಷ್ಟು ಇಡೀ ತಾರ್ನಾಕ ಬಡಾವಣೆಗೆ ಹಂಚಿದರೂ ಮಿಗುತ್ತಿತ್ತು. ಈಗ ನೋಡಿದರೆ ಗುಗ್ಗರಿ ತಟ್ಟೆಯ ಮೇಲೆ ಕೂತ ನೊಣದ ಮೀಸೆಯನ್ನೂ ಎಣಿಸಬಹುದು.

"ಮೂಲ್ಯಾಗ ಕರ್ರಗ ಅಡ್ಡ ಬರ್ತಿತ್ತಲ್ಲ, ಅದಾ? ಭಾಳ ಖರಾಬ್ ಕಾಣ್ತಿತ್ರಿ ಕಾಕು. ಅಂಚು ಕತ್ತರಿಸಿ ಒಗದೆ."

"ಅದು ನಮ್ಮನಿಯವರದಪಾ. ಯಾವಾಗ್ಲೂ ಕ್ಯಾಮೆರಾ ಅವರ ಕೈಯಾಗ. ಆ ಬೆರಳೊಂದು ಬಿಟ್ರ ಯಾವ ಟೇಪಿನ್ಯಾಗೂ ಅವರಿಲ್ಲ. ಈಗ ಮನ್ಯಾಗೂ ಇಲ್ಲ."

ವಿಶ್ವಜಿತ್ ಡಿಸ್ಕ್ ನಿಲ್ಲಿಸಿದ. ಮೂಲ ಟೇಪನ್ನೇ ಮತ್ತೆ ಪ್ಲೇಯರಿಗೆ ಹಾಕಿದ. ಪರದೆಯ ತುಂಬ ಗೆರೆಗಳು, ಮಸುಕು, ಮೂಲೆಯಲ್ಲಿ ದಪ್ಪ ಕಪ್ಪು ಬೆರಳು. ಅದರಾಚೆ ತೊಟ್ಟಿಲು ತೂಗುತ್ತಿದ್ದ ಹರೆಯದ ಮಂದಾಕಿನಿ ಕ್ಯಾಮೆರಾದತ್ತ ತಿರುಗಿ ಗದರಿದಳು: "ರೀ, ಮತ್ತ ಬೆರಳು ಅಡ್ಡ ಬಂದೈತಿ. ತಗೀರಿ!"

ಮಂದಾಕಿನಿಬಾಯಿ ಥಟ್ಟನೆ ಎದ್ದು ಆ ಬೆರಳಿನ ಮೇಲೆ ತಮ್ಮ ಬೆರಳಿಟ್ಟರು. "ಬ್ಯಾಡ್ರಿ, ತಗೀಬ್ಯಾಡ್ರಿ," ಎಂದರು.

ಬೆರಳು ಹರೆಯದವಳ ಮಾತನ್ನೇ ಕೇಳಿ ಮೆಲ್ಲಗೆ ಸರಿದುಹೋಯಿತು.